ಗೆರೆ ಎಳೆದ ಮೇಲೇ ಲೆಕ್ಕ: ಅಮೆರಿಕದ ಕ್ಷೇತ್ರ ಜಗಳ ಮತ್ತು ಭೂಗೋಳದ ಹಳೇ ತಕರಾರು

2025ರ ಆಗಸ್ಟ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯ ತನ್ನ 38 ಸಂಸತ್ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಬರೆಯಿತು. ಹೊಸ ಜನಗಣತಿ ಆಗಿರಲಿಲ್ಲ. ಗಡಿ ಬದಲಿಸಿ ಎಂದು ಯಾವ ಕೋರ್ಟೂ ಹೇಳಿರಲಿಲ್ಲ. ಕೆಳಮನೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕಿದ್ದ 25 ಸೀಟು 30 ಆಗಬೇಕು ಅನ್ನುವುದೇ ಉದ್ದೇಶ. ಅದನ್ನು ಯಾರೂ ಮುಚ್ಚಿಡಲೂ ಇಲ್ಲ. ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ತಿರುಗೇಟು ಕೊಟ್ಟಿತು. ಅಲ್ಲಿ ಗಡಿ ಬರೆಯುತ್ತಿದ್ದುದು ಪಕ್ಷಗಳಿಂದ ದೂರವಿದ್ದ ನಾಗರಿಕರ ಆಯೋಗ. ಅದರ ನಕ್ಷೆಯನ್ನು ಬದಿಗಿಟ್ಟು, ಡೆಮಾಕ್ರಟಿಕ್ ಪಕ್ಷಕ್ಕೆ ಐದು ಸೀಟು ಹೆಚ್ಚು ಸಿಗಬಹುದಾದ ನಕ್ಷೆಗೆ ಜನ ಮತ ಹಾಕಿ ಒಪ್ಪಿಗೆ ಕೊಟ್ಟರು. ಮಿಸೌರಿ, ನಾರ್ತ್ ಕ್ಯಾರೊಲೈನಾ ಕೂಡ ಸಾಲಿಗೆ ಬಂದವು. ಟೆಕ್ಸಸ್ ನಕ್ಷೆಯಲ್ಲಿ ಜನಾಂಗ ನೋಡಿ ಗೆರೆ ಎಳೆದಂತಿದೆ ಎಂದು ನವೆಂಬರ್‌ನಲ್ಲಿ ಒಂದು ಫೆಡರಲ್ ಕೋರ್ಟ್ ತಡೆ ಹಾಕಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನೇ ತಡೆಯಿತು.

ಈ ಸುದ್ದಿ ಓದಿದವರಿಗೆ ಒಂದು ವಿಷಯ ತಲೆ ತಿನ್ನುತ್ತದೆ. ಕಂಪ್ಯೂಟರ್ ಬಂದ ಮೇಲೆ ಈ ಗಡಿ ಆಟ ತುಂಬ ಚೂಪಾಯಿತು ಎಂದು ಒಂದು ವರದಿ ಹೇಳುತ್ತದೆ. ಕಂಪ್ಯೂಟರ್ ಸಾವಿರಾರು ನಕ್ಷೆ ಬರೆದು ಮೋಸವನ್ನು ಹಿಡಿದುಕೊಟ್ಟಿತು ಎಂದು ಇನ್ನೊಂದು. ಎರಡೂ ನಿಜ. ಮಾಡುವವರ ಕೈಯಲ್ಲೂ ಹಿಡಿಯುವವರ ಕೈಯಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಸಾಮಾನು. ಅದು ತಯಾರಾದದ್ದರಲ್ಲಿ, ಜನ ಎಲ್ಲಿ ಹೇಗೆ ನೆಲೆಸುತ್ತಾರೆ ಎಂದು ನೋಡುವ ಮಾನವ ಭೂಗೋಳದ ಪಾಲು ದೊಡ್ಡದು. ಆ ವಿಷಯದ ಒಳಗೆ ಎಪ್ಪತ್ತು ವರ್ಷದಿಂದ ನಡೆದ ಜಗಳ ಗೊತ್ತಿದ್ದರೆ ಇವತ್ತಿನ ಸುದ್ದಿ ಅರ್ಧ ಬಿಡಿಸಿದಂತೆ.

ಹದಿನೈದು ಜನ, ಮೂರು ಕ್ಷೇತ್ರ

ಮೊದಲು ಒಂದು ಪುಟ್ಟ ಲೆಕ್ಕ. ಒಂದು ಊರಲ್ಲಿ 15 ಮತದಾರರು. ಒಂಬತ್ತು ಜನ ನೀಲಿ ಪಕ್ಷ, ಆರು ಜನ ಕೆಂಪು ಪಕ್ಷ. ತಲಾ ಐದು ಜನರಂತೆ ಮೂರು ಕ್ಷೇತ್ರ ಮಾಡಬೇಕು.

ಪ್ರತಿ ಕ್ಷೇತ್ರದಲ್ಲೂ ಮೂವರು ನೀಲಿ, ಇಬ್ಬರು ಕೆಂಪು ಬರುವಂತೆ ಗೆರೆ ಎಳೆದರೆ ಮೂರು ಸೀಟೂ ನೀಲಿಗೆ. ಐದು ಜನ ನೀಲಿಯವರನ್ನು ಒಂದೇ ಕ್ಷೇತ್ರಕ್ಕೆ ತುಂಬಿ, ಉಳಿದ ನಾಲ್ವರನ್ನು ಇಬ್ಬಿಬ್ಬರಾಗಿ ಹಂಚಿದರೆ, ಮಿಕ್ಕ ಎರಡೂ ಕ್ಷೇತ್ರದಲ್ಲಿ ಕೆಂಪು ಮೂರು, ನೀಲಿ ಎರಡು. ಅಲ್ಲಿಗೆ ಕಡಿಮೆ ಮತ ಇರುವ ಕೆಂಪಿಗೆ ಎರಡು ಸೀಟು. ಒಬ್ಬ ಮತದಾರನೂ ಮನಸ್ಸು ಬದಲಿಸಿಲ್ಲ, ಕಳ್ಳವೋಟೂ ಬಿದ್ದಿಲ್ಲ.

ಎದುರಾಳಿಯ ಮತಗಳನ್ನು ಒಂದೇ ಕಡೆ ತುಂಬುವುದು, ಇಲ್ಲವೇ ಎಲ್ಲ ಕಡೆ ಚದುರಿಸುವುದು, ಇದಕ್ಕೆ ಜೆರಿಮ್ಯಾಂಡರಿಂಗ್ ಎಂದು ಹೆಸರು. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರ್ರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಅನ್ನುವ ಹಲ್ಲಿಯಂಥ ಪ್ರಾಣಿಯ ಹಾಗೆ ಕಾಣಿಸುತ್ತಿತ್ತು. ಅವರ ಹೆಸರಿಗೆ ಅದರ ಬಾಲ ಅಂಟಿಕೊಂಡಿತು.

ಆಟ ಹಳೆಯದು. ಅದನ್ನು ಅಳೆಯುವ ವಿದ್ಯೆ ಮಾತ್ರ ಹೊಸದು.

ಹಾರ್ವರ್ಡ್ ಬಾಗಿಲು ಹಾಕಿದ ವಿಷಯ

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಮಾನವ ಭೂಗೋಳ ಅಂದರೆ ಹೆಚ್ಚಾಗಿ ಪ್ರದೇಶಗಳ ವರ್ಣನೆ. ಒಂದು ಸೀಮೆಯ ಮಣ್ಣು, ಮಳೆ, ಬೆಳೆ, ಜನ, ರಸ್ತೆ ಎಲ್ಲವನ್ನೂ ಸೇರಿಸಿ ಬರೆಯುವುದು. ಪ್ರತಿ ಜಾಗವೂ ತನ್ನಷ್ಟಕ್ಕೆ ವಿಶಿಷ್ಟ, ಒಂದರ ಹಾಗೆ ಇನ್ನೊಂದಿಲ್ಲ. ಅಮೆರಿಕದ ಭೂಗೋಳಜ್ಞ ರಿಚರ್ಡ್ ಹಾರ್ಟ್‌ಶೋರ್ನ್ 1939ರಲ್ಲಿ ಈ ನಿಲುವಿಗೆ ಗಟ್ಟಿ ತಾತ್ವಿಕ ಬುನಾದಿ ಹಾಕಿದ್ದರು.

ಇದರಲ್ಲಿ ತಪ್ಪೇನಿಲ್ಲ. ಆದರೆ ಯುದ್ಧದ ನಂತರದ ಅಮೆರಿಕಕ್ಕೆ ಇದು ಸಪ್ಪೆ ಎನಿಸತೊಡಗಿತು. ಅಣುಬಾಂಬ್, ರೇಡಾರ್, ಕಂಪ್ಯೂಟರ್‌ಗಳ ಕಾಲ. ಸೂತ್ರ ಇಲ್ಲದ ವಿದ್ಯೆಗೆ ಬೆಲೆ ಕಡಿಮೆ. 1948ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಭೂಗೋಳ ಬೋಧನೆಯನ್ನೇ ನಿಲ್ಲಿಸಲು ಹೊರಟಿತು. ದೇಶದ ಉಳಿದ ಭೂಗೋಳ ವಿಭಾಗಗಳಿಗೆ ನಡುಕ ಹುಟ್ಟಿತು. ಮುಂದಿನ ಸರದಿ ಯಾರದೋ?

ಮೊದಲ ಏಟು ಬಿದ್ದದ್ದು ಐಯೋವಾ ರಾಜ್ಯದ ವಿಶ್ವವಿದ್ಯಾಲಯದಿಂದ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡ್ ಶೇಫರ್ ಅಲ್ಲಿ ಪಾಠ ಮಾಡುತ್ತಿದ್ದರು. ಜಾಗಗಳು ವಿಶಿಷ್ಟ ಎಂದು ಹೇಳಿ ಸುಮ್ಮನಾಗುವುದು ವಿಜ್ಞಾನವಲ್ಲ, ವಸ್ತುಗಳು ಎಲ್ಲಿ ಹೇಗೆ ಹರಡಿಕೊಳ್ಳುತ್ತವೆ ಅನ್ನುವುದಕ್ಕೆ ನಿಯಮ ಹುಡುಕಬೇಕು ಎಂದು ಅವರು 1953ರಲ್ಲಿ ಹಾರ್ಟ್‌ಶೋರ್ನ್ ವಿರುದ್ಧ ಲೇಖನ ಬರೆದರು. ಅದು ಅಚ್ಚಾಗುವ ಮೊದಲೇ ತೀರಿಕೊಂಡರು. ಹಾರ್ಟ್‌ಶೋರ್ನ್ ಕೆಂಡಾಮಂಡಲವಾದರು. ವರ್ಷಗಟ್ಟಲೆ ಉತ್ತರ ಬರೆದರು. ಆದರೆ ಹೊಸ ಹುಡುಗರ ಮನಸ್ಸು ಆಗಲೇ ಆ ಕಡೆ ವಾಲಿತ್ತು.

ಅದೇ ಐಯೋವಾದಲ್ಲಿ ಹೆರಾಲ್ಡ್ ಮೆಕಾರ್ಟಿ ಜನಗಣತಿಯ ಅಂಕಿ ಹಿಡಿದು, ಸಂಖ್ಯಾಶಾಸ್ತ್ರದಿಂದ ಕೈಗಾರಿಕೆಗಳ ನೆಲೆ ಹುಡುಕುತ್ತಿದ್ದರು. ಐಯೋವಾ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಿಯಾಟಲ್‌ನ ಗುಂಪು

ಕಿಡಿ ಐಯೋವಾದ್ದಾದರೆ ಬೆಂಕಿ ಹೊತ್ತಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ಗ್ಯಾರಿಸನ್ ಅಲ್ಲಿ ಭೂಗೋಳದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡಲು ಶುರುಮಾಡಿದರು. 1955ರ ಸುಮಾರಿಗೆ ಅವರ ಸುತ್ತ ಸೇರಿದವರ ಪಟ್ಟಿ ನೋಡಿದರೆ ಅಚ್ಚರಿಯಾಗುತ್ತದೆ: ಬ್ರಯನ್ ಬೆರ್ರಿ, ವಿಲಿಯಂ ಬಂಗಿ, ವಾಲ್ಡೋ ಟೋಬ್ಲರ್, ರಿಚರ್ಡ್ ಮೊರಿಲ್, ಆರ್ಥರ್ ಗೆಟಿಸ್. ಮುಂದಿನ ಮೂವತ್ತು ವರ್ಷದ ಭೂಗೋಳವನ್ನು ತಿರುಗಿಸಿದವರಲ್ಲಿ ಇವರದು ದೊಡ್ಡ ಪಾಲು. ಬಾಹ್ಯಾಕಾಶದ ಹುಚ್ಚಿನ ಕಾಲವಾದ್ದರಿಂದ ಇವರಿಗೆ ‘ಸ್ಪೇಸ್ ಕೆಡೆಟ್’ ಎಂದು ಅಡ್ಡಹೆಸರು ಬಿತ್ತು.

ಈ ಬದಲಾವಣೆ ಬರೀ ಬುದ್ಧಿವಂತಿಕೆಯಿಂದ ಆದದ್ದಲ್ಲ, ಹಿಂದೆ ದುಡ್ಡೂ ಅಗತ್ಯವೂ ಇದ್ದವು. 1956ರಲ್ಲಿ ಅಮೆರಿಕ 41,000 ಮೈಲಿ ಹೆದ್ದಾರಿ ಜಾಲಕ್ಕೆ ಕಾನೂನು ಮಾಡಿತು. ರಸ್ತೆ ಬಂದರೆ ಅಂಗಡಿ ಎಲ್ಲಿಗೆ ಹೋಗುತ್ತದೆ, ಆಸ್ಪತ್ರೆ ಎಲ್ಲಿರಬೇಕು, ಊರು ಎತ್ತ ಬೆಳೆಯುತ್ತದೆ? ಸರ್ಕಾರಕ್ಕೆ ಅಂಕಿ ಬೇಕಿತ್ತು. ಗ್ಯಾರಿಸನ್ ಗುಂಪು ಅದನ್ನೇ ಕೊಟ್ಟಿತು. ನೌಕಾಪಡೆಯ ಸಂಶೋಧನಾ ಕಚೇರಿ ಕೂಡ ಭೂಗೋಳಕ್ಕೆ ಹಣ ಹಾಕಿತು. ಐಬಿಎಂ ಯಂತ್ರಗಳು ವಿಶ್ವವಿದ್ಯಾಲಯಗಳಿಗೆ ಬಂದಿದ್ದವು.

ಸಿದ್ಧಾಂತವನ್ನು ಇವರು ಹಳೇ ಜರ್ಮನ್ ಪುಸ್ತಕಗಳಿಂದ ಎತ್ತಿಕೊಂಡರು. ಊರುಗಳು ಷಟ್ಕೋನಗಳ ಜಾಲದಲ್ಲಿ ಹರಡಿಕೊಳ್ಳುತ್ತವೆ ಎಂದು 1933ರಲ್ಲಿ ವಾಲ್ಟರ್ ಕ್ರಿಸ್ಟಾಲರ್ ಹೇಳಿದ್ದರು. ಸೊಗಸಾದ ಜ್ಯಾಮಿತಿ. ಅದೇ ಕ್ರಿಸ್ಟಾಲರ್ ಯುದ್ಧದ ಸಮಯದಲ್ಲಿ, ನಾಜಿಗಳು ವಶಪಡಿಸಿಕೊಂಡ ಪೋಲೆಂಡಿನಲ್ಲಿ ಊರುಗಳನ್ನು ಹೊಸದಾಗಿ ಜೋಡಿಸುವ ಯೋಜನೆಗೂ ಕೆಲಸ ಮಾಡಿದರು. ಷಟ್ಕೋನದ ಚಿತ್ರದಲ್ಲಿ ಇದೇನೂ ಕಾಣುವುದಿಲ್ಲ.

1963ರಲ್ಲಿ ಭೂಗೋಳಜ್ಞ ಇಯಾನ್ ಬರ್ಟನ್, ಭೂಗೋಳಕ್ಕೆ ಲೆಕ್ಕ ತಂದ ಈ ಕ್ರಾಂತಿ ಮುಗಿಯಿತು ಎಂದು ಬರೆದರು. ಸೋತು ಮುಗಿದದ್ದಲ್ಲ, ಗೆದ್ದು ಮುಗಿದದ್ದು. ಬ್ರಿಟನ್ನಿನಲ್ಲಿ ರಿಚರ್ಡ್ ಚಾರ್ಲಿ, ಪೀಟರ್ ಹ್ಯಾಗೆಟ್ ಜೋಡಿ ಇದೇ ಗಾಳಿ ಬೀಸಿಸಿತು. ಅತ್ತ ಹಾರ್ವರ್ಡ್‌ನಲ್ಲಿ 1965ರಲ್ಲಿ ಕಂಪ್ಯೂಟರ್‌ನಿಂದ ನಕ್ಷೆ ಬಿಡಿಸುವ ಲ್ಯಾಬ್ ಶುರುವಾಯಿತು. ಭೂಗೋಳ ಬೇಡ ಎಂದ ಕಡೆಯೇ ನಕ್ಷೆಯ ತಂತ್ರಾಂಶ ಹುಟ್ಟಿತು. ವಿಚಿತ್ರ, ಅಲ್ವಾ?

ಗೋದಾಮಿನ ಲೆಕ್ಕ ಕ್ಷೇತ್ರಕ್ಕೆ ಬಂತು

1960ರ ದಶಕದ ಮೊದಲಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಾಲು ತೀರ್ಪುಗಳಲ್ಲಿ ಒಂದು ನಿಯಮ ಹಾಕಿತು: ಒಬ್ಬರಿಗೆ ಒಂದು ಮತ, ಆದ್ದರಿಂದ ಕ್ಷೇತ್ರಗಳ ಜನಸಂಖ್ಯೆ ಸಮ ಇರಬೇಕು. ಅದಕ್ಕೆ ಮೊದಲು ಹಲವು ರಾಜ್ಯಗಳು ದಶಕಗಟ್ಟಲೆ ಗಡಿ ಮುಟ್ಟಿರಲಿಲ್ಲ. ಇನ್ನು ಪ್ರತಿ ಜನಗಣತಿಯ ನಂತರ ಎಲ್ಲವನ್ನೂ ಹೊಸದಾಗಿ ಬರೆಯಲೇಬೇಕು.

ಇದು ಥೇಟ್ ಗೋದಾಮಿನ ಸಮಸ್ಯೆಯಂತೆಯೇ ಇದೆಯಲ್ಲ ಎಂದು ಕೆಲವರಿಗೆ ಹೊಳೆಯಿತು. ಗಿರಾಕಿಗಳನ್ನು ಹತ್ತಿರದ ಗೋದಾಮಿಗೆ ಹಂಚುವಾಗ ಒಟ್ಟು ದೂರ ಕಡಿಮೆ ಆಗಬೇಕು, ಯಾವ ಗೋದಾಮಿಗೂ ಹೊರೆ ಜಾಸ್ತಿ ಆಗಬಾರದು. ಗಿರಾಕಿ ಜಾಗದಲ್ಲಿ ಮತದಾರರನ್ನು, ಗೋದಾಮಿನ ಜಾಗದಲ್ಲಿ ಕ್ಷೇತ್ರದ ನಡುಬಿಂದುವನ್ನು ಇಟ್ಟರೆ ಆಯಿತು. ಸಿಡ್ನಿ ಹೆಸ್, ಜೇಮ್ಸ್ ವೀವರ್ ಮುಂತಾದವರು ಇಂಥ ಪ್ರೋಗ್ರಾಂ ಬರೆದರು. ರಾಜಕಾರಣಿಯ ಕೈಯಿಂದ ಪೆನ್ಸಿಲ್ ಕಿತ್ತು ಯಂತ್ರಕ್ಕೆ ಕೊಟ್ಟರೆ ಪಕ್ಷಪಾತ ಹೋಗುತ್ತದೆ ಅನ್ನುವ ನಂಬಿಕೆ ಆಗ ಗಟ್ಟಿಯಾಗಿತ್ತು.

1972ರಲ್ಲಿ ವಾಷಿಂಗ್ಟನ್ ರಾಜ್ಯದ ಪಕ್ಷಗಳು ಗಡಿಯ ವಿಷಯದಲ್ಲಿ ಒಪ್ಪಂದಕ್ಕೆ ಬರಲಿಲ್ಲ. ಫೆಡರಲ್ ಕೋರ್ಟ್ ಆ ಕೆಲಸವನ್ನು ಒಬ್ಬ ಭೂಗೋಳಜ್ಞರಿಗೆ ವಹಿಸಿತು. ಅವರು ಸಿಯಾಟಲ್ ಗುಂಪಿನ ರಿಚರ್ಡ್ ಮೊರಿಲ್. ಲೆಕ್ಕ ಕಲಿತ ಭೂಗೋಳಜ್ಞರ ಮುಂದೆ 49 ಶಾಸನಸಭಾ ಕ್ಷೇತ್ರಗಳು.

ಇಲ್ಲೊಂದು ತೊಡಕು ನೋಡಿ. ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್ ಸಮುದ್ರದ ತೋಳಿನ ಎರಡು ದಡಗಳು ನೇರ ಗೆರೆಯಲ್ಲಿ ಹತ್ತಿರ. ರಸ್ತೆಯಲ್ಲಿ ಹೋದರೆ ದೂರ. ಕ್ಯಾಸ್ಕೇಡ್ ಪರ್ವತದ ಆಚೆ ಈಚೆ ಇರುವ ಊರುಗಳದೂ ಇದೇ ಕತೆ. ಯಂತ್ರಕ್ಕೆ ನೇರ ಗೆರೆಯ ದೂರ ಕೊಟ್ಟರೆ ಅಚ್ಚುಕಟ್ಟಾದ ಕ್ಷೇತ್ರ ಬರುತ್ತದೆ. ಆದರೆ ಅದರೊಳಗಿನ ಜನ ಒಬ್ಬರನ್ನೊಬ್ಬರು ಭೇಟಿಯಾಗುವುದೇ ಇಲ್ಲ. ‘ದೂರ’ ಅಂದರೆ ಯಾವ ದೂರ ಎಂದು ಮೊದಲು ಮನುಷ್ಯರೇ ತೀರ್ಮಾನಿಸಬೇಕು.

99 ಕೌಂಟಿಗಳ ಪಾಠ

ಈಗ ಮತ್ತೆ ಐಯೋವಾ. ಇಡೀ ಕತೆಯ ತಿರುಳು ಇಲ್ಲಿದೆ.

1979ರಲ್ಲಿ ಸ್ಟ್ಯಾನ್ ಓಪನ್‌ಶಾ, ಪೀಟರ್ ಟೇಲರ್ ಎಂಬ ಇಬ್ಬರು ಬ್ರಿಟಿಷ್ ಭೂಗೋಳಜ್ಞರು ಒಂದು ಸರಳ ಪ್ರಶ್ನೆ ಹಿಡಿದರು. ವಯಸ್ಸಾದವರು ಹೆಚ್ಚಿರುವ ಕಡೆ ರಿಪಬ್ಲಿಕನ್ ಮತ ಜಾಸ್ತಿಯೇ? ಐಯೋವಾದಲ್ಲಿ 99 ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಭಾಗಗಳು. ಒಂದೊಂದರಲ್ಲೂ 60 ದಾಟಿದವರ ಪಾಲು ಎಷ್ಟು, ರಿಪಬ್ಲಿಕನ್ ಮತದ ಪಾಲು ಎಷ್ಟು ಎಂದು ತೆಗೆದುಕೊಂಡರು. ಎರಡರ ನಂಟಿಗೆ ಸಹಸಂಬಂಧ ಎಂಬ ಅಳತೆ ಇದೆ. +1 ಇದ್ದರೆ ಎರಡೂ ಕೂಡಿ ಏರುತ್ತವೆ. −1 ಇದ್ದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. 0 ಆದರೆ ನಂಟಿಲ್ಲ. 99 ಕೌಂಟಿಗಳಿಗೆ ಬಂದ ಉತ್ತರ ಸುಮಾರು 0.35. ಸಣ್ಣ ನಂಟು.

ಆಮೇಲೆ ಅವರು ಅಕ್ಕಪಕ್ಕದ ಕೌಂಟಿಗಳನ್ನು ಸೇರಿಸಿ ದೊಡ್ಡ ವಲಯ ಮಾಡಿದರು. ಬೇರೆ ಬೇರೆ ರೀತಿಯಲ್ಲಿ, ಮತ್ತೆ ಮತ್ತೆ, ಕಂಪ್ಯೂಟರ್‌ನಲ್ಲಿ. ಉತ್ತರ −1ರ ಹತ್ತಿರದಿಂದ +1ರ ಹತ್ತಿರದವರೆಗೂ ಹರಿದಾಡಿತು! ಅದೇ ಜನ, ಅದೇ ಮತ. ಗೆರೆ ಬದಲಾದರೆ ‘ವಯಸ್ಸಾದವರು ರಿಪಬ್ಲಿಕನ್ನರು’ ಎಂದೂ ತೋರಿಸಬಹುದು, ‘ಅಲ್ಲವೇ ಅಲ್ಲ’ ಎಂದೂ ತೋರಿಸಬಹುದು.

ಇದರ ಇನ್ನೊಂದು ಮುಖವನ್ನು 1950ರಲ್ಲೇ ಡಬ್ಲ್ಯು. ಎಸ್. ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞರು ತೋರಿಸಿದ್ದರು. 1930ರ ಜನಗಣತಿಯಲ್ಲಿ ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ. ಸಹಸಂಬಂಧ ಸುಮಾರು −0.53. ಹಾಗಾದರೆ ವಲಸಿಗರು ಚೆನ್ನಾಗಿ ಓದಿದವರೇ? ಅಲ್ಲ. ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ ಸುಮಾರು +0.12, ಅಂದರೆ ತಿರುವುಮುರುವು. ವಲಸಿಗರು ನೆಲೆಸಿದ್ದು ಮೊದಲೇ ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲಿ, ಅಷ್ಟೇ.

ಮೂರನೆಯ ತುಣುಕು ವಾಲ್ಡೋ ಟೋಬ್ಲರ್ ಅವರದು. ಡೆಟ್ರಾಯಿಟ್ ಸುತ್ತಲಿನ ಬೆಳವಣಿಗೆಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವಾಗ 1970ರಲ್ಲಿ ಅವರು ಅರ್ಧ ತಮಾಷೆಯಾಗಿ ‘ಭೂಗೋಳದ ಮೊದಲ ನಿಯಮ’ ಹೇಳಿದರು: ಎಲ್ಲಕ್ಕೂ ಎಲ್ಲದರ ಜೊತೆ ನಂಟುಂಟು, ಹತ್ತಿರದವುಗಳ ನಂಟು ಹೆಚ್ಚು. ಸಂಖ್ಯಾಶಾಸ್ತ್ರದ ಮಾಮೂಲಿ ಪರೀಕ್ಷೆಗಳು ಒಂದು ಅಂಕಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಹಿಡಿದು ಹೊರಡುತ್ತವೆ. ನಕ್ಷೆಯ ಮೇಲೆ ಹಾಗಿರುವುದಿಲ್ಲ. ಪಕ್ಕದ ಬೀದಿಯವರು ನಮ್ಮ ಹಾಗೇ ಇರುತ್ತಾರೆ.

ಗಡಿ ಆಟ ನಡೆಯುವುದೂ ಈ ನಿಯಮದಿಂದಲೇ. ಒಂದೇ ಪಕ್ಷದವರು ಅಕ್ಕಪಕ್ಕ ಇದ್ದರೆ ತಾನೇ ಅವರನ್ನು ಒಂದು ಕ್ಷೇತ್ರಕ್ಕೆ ತುಂಬಲು ಆಗುವುದು? ಎಲ್ಲರೂ ಸಕ್ಕರೆ ಹಾಲಿನಲ್ಲಿ ಕರಗಿದಂತೆ ಬೆರೆತಿದ್ದರೆ ಗೆರೆ ಎಲ್ಲಿ ಎಳೆದರೂ ಒಂದೇ.

ಲೆಕ್ಕಕ್ಕೆ ಬೆನ್ನು ತಿರುಗಿಸಿದವರು

1970ರ ದಶಕದಲ್ಲಿ ಕ್ರಾಂತಿಯ ಮಕ್ಕಳೇ ತಿರುಗಿ ಬಿದ್ದರು. ಡೇವಿಡ್ ಹಾರ್ವೆ 1969ರಲ್ಲಿ ವೈಜ್ಞಾನಿಕ ವಿಧಾನದ ಬಗ್ಗೆ ದಪ್ಪ ಪುಸ್ತಕ ಬರೆದಿದ್ದರು. ಬಾಲ್ಟಿಮೋರ್‌ಗೆ ಹೋಗಿ ಅಲ್ಲಿನ ಕೊಳೆಗೇರಿ, ಮನೆ ಬಾಡಿಗೆಯ ಲೋಕ ಕಂಡು, ನಾಲ್ಕೇ ವರ್ಷದಲ್ಲಿ ಮಾರ್ಕ್ಸ್‌ವಾದಿಯಾಗಿ ಬರೆದರು. ನಮ್ಮ ಸೂತ್ರಗಳು ಚೆಂದ, ಆದರೆ ಸುತ್ತ ನಡೆಯುತ್ತಿರುವುದರ ಬಗ್ಗೆ ಅವು ಏನೂ ಹೇಳುತ್ತಿಲ್ಲ ಅನ್ನುವುದು ಅವರ ತಕರಾರು. ಮನುಷ್ಯರ ಅನುಭವ ಎಲ್ಲಿ ಎಂದು ಯಿ-ಫು ತುವಾನ್ ಥರದವರು ಕೇಳಿದರು. ಹೆಂಗಸರು ಈ ಅಂಕಿಯಲ್ಲಿ ಎಲ್ಲಿದ್ದಾರೆ ಎಂದು ಸ್ತ್ರೀವಾದಿ ಭೂಗೋಳಜ್ಞರು ಕೇಳಿದರು.

ವಿಲಿಯಂ ಬಂಗಿ ಮಾತ್ರ ಬೇರೆ ದಾರಿ ಹಿಡಿದರು. 1962ರಲ್ಲಿ ಶುದ್ಧ ಜ್ಯಾಮಿತಿಯ ಭೂಗೋಳ ಬರೆದಿದ್ದ ಅವರು ಡೆಟ್ರಾಯಿಟ್‌ನ ಕಪ್ಪು ಜನರ ಬಡಾವಣೆಗೆ ಹೋದರು. ಗ್ವೆಂಡೊಲಿನ್ ವಾರನ್ ಎಂಬ ಯುವ ನಾಯಕಿಯ ಜೊತೆ ‘ಭೌಗೋಳಿಕ ದಂಡಯಾತ್ರೆ’ ಕಟ್ಟಿದರು. ಕಾರಿನಲ್ಲಿ ಕೆಲಸಕ್ಕೆ ಓಡಾಡುವವರು ಕಪ್ಪು ಮಕ್ಕಳ ಮೇಲೆ ಗಾಡಿ ಹತ್ತಿಸಿದ ಜಾಗಗಳನ್ನು ಗುರುತಿಸಿದ ನಕ್ಷೆ ಅಲ್ಲಿಂದ ಬಂತು. 1970ರ ಸುಮಾರಿಗೆ ಡೆಟ್ರಾಯಿಟ್ ಶಾಲಾ ವಲಯಗಳನ್ನು ಒಡೆಯುವ ಮಾತು ಬಂದಾಗ, ಈ ಗುಂಪು ಬೇರೆ ಬೇರೆ ಹಂಚಿಕೆಗಳನ್ನು ಕಂಪ್ಯೂಟರ್‌ನಿಂದ ಹೋಲಿಸಿ ನೋಡಿತು. ಕಪ್ಪು ಮಕ್ಕಳ ಶಾಲೆಗಳ ಮೇಲೆ ಕಪ್ಪು ಮತದಾರರಿಗೆ ಹಿಡಿತ ಕೊಡುವ ಗೆರೆ ಯಾವುದು, ಕೊಡದ ಗೆರೆ ಯಾವುದು? ಇವತ್ತು ಕೋರ್ಟ್‌ನಲ್ಲಿ ನಡೆಯುವುದು ಇದೇ ಕೆಲಸದ ದೊಡ್ಡ ರೂಪ. ಲೆಕ್ಕ ಬಿಡುವುದು ಬೇರೆ, ಲೆಕ್ಕವನ್ನು ಯಾರ ಪರವಾಗಿ ಮಾಡುತ್ತೇವೆ ಎಂದು ಕೇಳುವುದು ಬೇರೆ. ಭೂಗೋಳದ ಜಗಳದಲ್ಲಿ ಇವೆರಡೂ ಕಲಸಿಹೋದವು. ನನಗೆ ಅದು ನಷ್ಟವೆಂದೇ ಅನಿಸುತ್ತದೆ.

ಏಕೆಂದರೆ ಭೂಗೋಳಜ್ಞರು ಜಗಳವಾಡುತ್ತಿದ್ದಾಗ ಯಂತ್ರ ನಿಲ್ಲಲಿಲ್ಲ. 1990ರ ಜನಗಣತಿಗಾಗಿ ಅಮೆರಿಕದ ಜನಗಣತಿ ಇಲಾಖೆ ಇಡೀ ದೇಶದ ಬೀದಿಗಳ ಡಿಜಿಟಲ್ ನಕ್ಷೆ ತಯಾರಿಸಿತು. ಅದರ ಮೇಲೆ ಒಂದೊಂದು ಬ್ಲಾಕಿನ, ಅಂದರೆ ಬೀದಿಗಳ ನಡುವಿನ ಪುಟ್ಟ ತುಂಡಿನ, ಜನಸಂಖ್ಯೆ ಕೂರಿಸಬಹುದು. ಹಿಂದಿನ ಚುನಾವಣೆಯ ಮತವನ್ನೂ ಕೂರಿಸಬಹುದು. ಪಕ್ಷಗಳ ತಂತ್ರಜ್ಞರಿಗೆ ಇದಕ್ಕಿಂತ ಇನ್ನೇನು ಬೇಕು?

ಕೋರ್ಟಿನಲ್ಲಿ 24,000 ನಕ್ಷೆ

ಮೋಸ ಹಿಡಿಯುವ ವಿಧಾನ ಹೀಗಿದೆ. ಒಂದು ನಕ್ಷೆ ಮೋಸದ್ದೋ ಅಲ್ಲವೋ ಎಂದು ಅದರ ಆಕಾರ ನೋಡಿ ಹೇಳುವುದು ಕಷ್ಟ. ಸೊಟ್ಟ ಗೆರೆಗೆ ನದಿ, ಬೆಟ್ಟ ಕಾರಣ ಇರಬಹುದು. ನೇರ ಗೆರೆಯೂ ಮೋಸದ್ದಿರಬಹುದು. ಹಾಗಾಗಿ ರಾಜ್ಯದ ಲಿಖಿತ ನಿಯಮಗಳನ್ನು ಕಂಪ್ಯೂಟರ್‌ಗೆ ಕೊಡುತ್ತಾರೆ: ಜನಸಂಖ್ಯೆ ಸಮ ಇರಲಿ, ಕ್ಷೇತ್ರ ತುಂಡಾಗದಿರಲಿ, ಕೌಂಟಿಗಳನ್ನು ಆದಷ್ಟು ಒಡೆಯದಿರಲಿ. ಪಕ್ಷದ ಮಾಹಿತಿ ಕೊಡುವುದಿಲ್ಲ. ಪಕ್ಕಪಕ್ಕದ ಎರಡು ಕ್ಷೇತ್ರ ಸೇರಿಸು, ಮನಬಂದಂತೆ ಮತ್ತೆ ಎರಡಾಗಿ ಕತ್ತರಿಸು. ಹೀಗೆ ಸಾವಿರಾರು ಸಲ. ಸಾವಿರಾರು ನಕ್ಷೆ ಸಿಗುತ್ತವೆ. ಒಂದೊಂದಕ್ಕೂ ಹಳೇ ಚುನಾವಣೆಯ ಮತ ಹಾಕಿ ಯಾರಿಗೆ ಎಷ್ಟು ಸೀಟು ಎಂದು ನೋಡುತ್ತಾರೆ. ಶಾಸನಸಭೆ ಬರೆದ ನಕ್ಷೆ ಈ ರಾಶಿಯ ನಡುವೆ ಬಿದ್ದರೆ ಸರಿ. ತೀರಾ ಅಂಚಿನಲ್ಲಿ ಒಂಟಿಯಾಗಿ ಬಿದ್ದರೆ, ಅದು ಆಕಸ್ಮಿಕವಲ್ಲ.

ನಾರ್ತ್ ಕ್ಯಾರೊಲೈನಾದಲ್ಲಿ 2016ರ ನಕ್ಷೆ 13ರಲ್ಲಿ 10 ಸೀಟು ರಿಪಬ್ಲಿಕನ್ನರಿಗೆ ಬರುವಂತೆ ಬರೆದದ್ದು. 11 ಮಾಡಲು ಸಾಧ್ಯವಿಲ್ಲದ್ದರಿಂದ 10 ಎಂದು ಅದನ್ನು ಮುಂದಿಟ್ಟ ಶಾಸಕರೇ ಹೇಳಿದ್ದರು. ಡ್ಯೂಕ್ ವಿಶ್ವವಿದ್ಯಾಲಯದ ಗಣಿತಜ್ಞ ಜೊನಾಥನ್ ಮ್ಯಾಟಿಂಗ್ಲಿ 24,000ಕ್ಕೂ ಹೆಚ್ಚು ನಕ್ಷೆ ಮಾಡಿ ನೋಡಿದರು. ಅವುಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ನಕ್ಷೆಗಳು ಡೆಮಾಕ್ರಟರಿಗೆ ಕನಿಷ್ಠ ಒಂದು ಸೀಟು ಹೆಚ್ಚು ಕೊಡುತ್ತಿದ್ದವು.

ಪೆನ್ಸಿಲ್ವೇನಿಯಾದಲ್ಲಿ ಇಂಥ ಸಾಕ್ಷ್ಯ ಗೆದ್ದಿತು. ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ 2018ರಲ್ಲಿ, ರಾಜ್ಯ ಸಂವಿಧಾನದ ಆಧಾರದ ಮೇಲೆ, 18ರಲ್ಲಿ 13 ಸೀಟು ರಿಪಬ್ಲಿಕನ್ನರಿಗೆ ಕೊಡುತ್ತಿದ್ದ ನಕ್ಷೆಯನ್ನು ರದ್ದು ಮಾಡಿತು. ಹೊಸ ನಕ್ಷೆಯಲ್ಲಿ ನಡೆದ ಚುನಾವಣೆ 9–9 ಆಯಿತು. ನಾರ್ತ್ ಕ್ಯಾರೊಲೈನಾ ಪ್ರಕರಣ ದೇಶದ ಸುಪ್ರೀಂ ಕೋರ್ಟ್‌ಗೆ ಹೋಯಿತು. ಅಲ್ಲಿ 2019ರಲ್ಲಿ 5–4ರಿಂದ ಸೋತಿತು.

ಯಾವುದು ನ್ಯಾಯ?

ಆ ತೀರ್ಪಿನ ಎರಡು ಬದಿಗಳನ್ನು ಓದಿದರೆ ಭೂಗೋಳದ ಹಳೇ ಜಗಳವೇ ಕೋಟು ಹಾಕಿಕೊಂಡು ಬಂದಂತಿದೆ.

ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬಹುಮತದ ಪರ ಬರೆದರು. ಈ ಪದ್ಧತಿ ಒಳ್ಳೆಯದು ಎಂದು ಅವರು ಹೇಳಲಿಲ್ಲ. ನ್ಯಾಯ ಅಂದರೆ ಏನು ಎಂದು ಕೇಳಿದರು. ಪೈಪೋಟಿ ಬಿಗಿಯಾಗಿರುವುದು ನ್ಯಾಯವೋ? ಮತದ ಪಾಲಿನಷ್ಟೇ ಸೀಟು ಬರುವುದೋ? ಕೌಂಟಿ, ನಗರಗಳನ್ನು ಒಡೆಯದಿರುವುದೋ? ಇದನ್ನು ಆರಿಸುವುದು ರಾಜಕೀಯ, ಫೆಡರಲ್ ಕೋರ್ಟಿನ ಕೆಲಸವಲ್ಲ. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಉತ್ತರ ಹೀಗಿತ್ತು: ನಾವು ಹೊರಗಿನಿಂದ ನ್ಯಾಯದ ಅಳತೆ ತರುತ್ತಿಲ್ಲ. ಆ ರಾಜ್ಯದ್ದೇ ನಿಯಮ, ಆ ರಾಜ್ಯದ್ದೇ ಭೂಗೋಳ ಹಿಡಿದು, ಅದರಿಂದ ಈ ನಕ್ಷೆ ಎಷ್ಟು ದೂರ ಹೋಗಿದೆ ಎಂದಷ್ಟೇ ಅಳೆಯುತ್ತಿದ್ದೇವೆ.

ಕೇಗನ್ ವಾದ ಗಟ್ಟಿ ಎಂದು ನನ್ನ ಲೆಕ್ಕ. ಮೋಸ ಅತಿಯಾದಾಗ ಹಿಡಿಯಲು ಪರಿಪೂರ್ಣ ನ್ಯಾಯದ ವ್ಯಾಖ್ಯೆ ಬೇಕಿಲ್ಲ. ಆದರೆ ರಾಬರ್ಟ್ಸ್ ಪ್ರಶ್ನೆಯನ್ನು ತಳ್ಳಿಹಾಕಲೂ ಬರುವುದಿಲ್ಲ. ಮ್ಯಾಸಚೂಸೆಟ್ಸ್ ನೋಡಿ. ರಿಪಬ್ಲಿಕನ್ ಅಭ್ಯರ್ಥಿಗಳಿಗೆ ಅಲ್ಲಿ ಸುಮಾರು ಮೂರನೇ ಒಂದು ಪಾಲು ಮತ ಬೀಳುತ್ತದೆ. ಕೆಳಮನೆಗೆ 1994ರ ನಂತರ ಒಬ್ಬ ರಿಪಬ್ಲಿಕನ್ನೂ ಅಲ್ಲಿಂದ ಆರಿಸಿ ಬಂದಿಲ್ಲ. ಇದು ಮೋಸವೇ? ಗಣಿತಜ್ಞರು ಪರೀಕ್ಷಿಸಿದರು. ಆ ಮತದಾರರು ರಾಜ್ಯದ ತುಂಬ ಎಷ್ಟು ಸಮವಾಗಿ ಹರಡಿಕೊಂಡಿದ್ದಾರೆ ಅಂದರೆ, ಕೆಲವು ಚುನಾವಣೆಗಳ ಮತ ಹಿಡಿದು ಹೇಗೇ ಗೆರೆ ಎಳೆದರೂ ಅವರಿಗೆ ಒಂದು ಸೀಟೂ ಸಿಗುವುದಿಲ್ಲ. ಸಕ್ಕರೆ ಹಾಲಿನಲ್ಲಿ ಕರಗಿದೆ. ಬೇರೆ ಹಲವು ರಾಜ್ಯಗಳಲ್ಲಿ ಡೆಮಾಕ್ರಟರು ನಗರಗಳಲ್ಲಿ ಒತ್ತೊತ್ತಾಗಿದ್ದಾರೆ. ಅಲ್ಲಿ ಯಾರೂ ಮೋಸ ಮಾಡದಿದ್ದರೂ ಅವರ ಮತ ತಾನಾಗಿಯೇ ಒಂದೆಡೆ ತುಂಬಿಕೊಳ್ಳುತ್ತದೆ.

ಸಾವಿರ ನಕ್ಷೆಯ ರಾಶಿಯೂ ಸುಮ್ನೆ ಆಕಾಶದಿಂದ ಬಿದ್ದದ್ದಲ್ಲ. ಕೌಂಟಿ ಒಡೆಯಬೇಡ ಅನ್ನುವ ನಿಯಮಕ್ಕೆ ಎಷ್ಟು ಒತ್ತು ಕೊಡಬೇಕು ಎಂದು ಯಾರೋ ಒಬ್ಬರು ಮೊದಲೇ ನಿರ್ಧರಿಸಿರುತ್ತಾರೆ. ಒತ್ತು ಬದಲಾದರೆ ರಾಶಿಯೂ ಸ್ವಲ್ಪ ಜರುಗುತ್ತದೆ. ಹಾಗಾಗಿ ಈ ವಿಧಾನ ಭಾರೀ ಮೋಸವನ್ನು ಚೆನ್ನಾಗಿ ಹಿಡಿಯುತ್ತದೆ. ಸಣ್ಣ ಮೋಸದ ಮುಂದೆ ತಡವರಿಸುತ್ತದೆ.

ಮುಂದೇನು

2019ರ ತೀರ್ಪಿನ ನೇರ ಪರಿಣಾಮವೇ 2025ರ ಸಾಲು. ಪಕ್ಷದ ಲಾಭಕ್ಕೆ ಗೆರೆ ಎಳೆದೆವು ಎಂದು ಹೇಳಿಕೊಂಡರೆ ಫೆಡರಲ್ ಕೋರ್ಟ್ ಕೈಹಾಕುವುದಿಲ್ಲ. ಜನಾಂಗ ನೋಡಿ ಎಳೆದೆವು ಎಂದರೆ ಸಿಕ್ಕಿಬೀಳಬಹುದು. ಆದ್ದರಿಂದ ಈಗ ಪಕ್ಷಪಾತವೇ ರಕ್ಷಣೆಯ ವಾದ! ಒಂದು ರಾಜ್ಯ ಶುರುಮಾಡಿದರೆ ಇನ್ನೊಂದಕ್ಕೆ ಸುಮ್ಮನಿರುವುದು ನಷ್ಟ. ಕ್ಯಾಲಿಫೋರ್ನಿಯಾ ತನ್ನ ಆಯೋಗದ ನಕ್ಷೆಯನ್ನು ಈ ದಶಕದ ಮಟ್ಟಿಗೆ ಬದಿಗಿಟ್ಟದ್ದು ಈ ಲೆಕ್ಕದಿಂದಲೇ. 2030ರ ಜನಗಣತಿಯ ನಂತರ ಗಡಿ ಕೆಲಸ ಆಯೋಗಕ್ಕೆ ವಾಪಸ್ ಹೋಗಬೇಕು.

ಆಟಗಾರರಿಗೂ ಅಪಾಯವಿದೆ. ಹೆಚ್ಚು ಸೀಟು ಬೇಕೆಂದರೆ ಭದ್ರ ಕ್ಷೇತ್ರಗಳ ಮತ ತೆಗೆದು ಪಕ್ಕದ ಕ್ಷೇತ್ರಕ್ಕೆ ಹಾಕಬೇಕು. ಹಾಗೆ ಮಾಡಿದರೆ ಗೆಲುವಿನ ಅಂತರ ಎಲ್ಲ ಕಡೆ ತೆಳ್ಳಗಾಗುತ್ತದೆ. ಟೆಕ್ಸಸ್ ನಕ್ಷೆಯ ಕೆಲವು ಸೀಟುಗಳು 2024ರಲ್ಲಿ ರಿಪಬ್ಲಿಕನ್ ಕಡೆ ವಾಲಿದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮತದಾರರನ್ನು ನೆಚ್ಚಿಕೊಂಡಿವೆ. ಅವರು ವಾಪಸ್ ವಾಲಿದರೆ ಐದು ಸೀಟಿನ ಆಸೆ ಐದು ಸೀಟಿನ ಗಾಯವೂ ಆಗಬಹುದು. ಹಿಂದಿನ ಮತ ಮುಂದಿನ ಮತದ ಹಾಗೇ ಇರುತ್ತದೆ ಅನ್ನುವುದು ಯಂತ್ರದ ಊಹೆ, ಮತದಾರರ ವಾಗ್ದಾನವಲ್ಲ.

ಐಯೋವಾ 1980ರಿಂದ ಬೇರೆ ದಾರಿಯಲ್ಲಿದೆ. ಅಲ್ಲಿ ಪಕ್ಷಗಳಿಗೆ ಸೇರದ ಕಚೇರಿ ಸಿಬ್ಬಂದಿ ಕರಡು ನಕ್ಷೆ ಬರೆಯುತ್ತಾರೆ. ಹಳೇ ಮತದ ಅಂಕಿ, ಪಕ್ಷದ ನೋಂದಣಿ ಏನನ್ನೂ ನೋಡುವಂತಿಲ್ಲ. ಸಂಸತ್ ಕ್ಷೇತ್ರಕ್ಕಾಗಿ ಕೌಂಟಿಗಳನ್ನು ಒಡೆಯುವಂತಿಲ್ಲ. ಓಪನ್‌ಶಾ, ಟೇಲರ್ ಆಟವಾಡಿದ ಅದೇ 99 ಕೌಂಟಿಗಳನ್ನು ಈಗ ನಾಲ್ಕು ಗುಂಪು ಮಾಡಬೇಕು. 2024ರಲ್ಲಿ ಟ್ರಂಪ್‌ಗೆ ಅಲ್ಲಿ ಬಿದ್ದದ್ದು ಶೇಕಡಾ 56ರಷ್ಟು ಮತ. ನಾಲ್ಕಕ್ಕೆ ನಾಲ್ಕು ಸೀಟೂ ರಿಪಬ್ಲಿಕನ್ನರಿಗೆ ಹೋದವು, ಒಂದು ಕಡೆ ಅಂತರ ಸಾವಿರ ಮತವೂ ಇರಲಿಲ್ಲ. ನಕ್ಷೆ ಬರೆದವರು ಮೋಸ ಮಾಡಿದರು ಎಂದು ಹೇಳಲು ಯಾರಿಗೂ ದಾರಿಯಿಲ್ಲ. ಸೋತ ಪಕ್ಷದ ಮತದಾರರಿಗೆ ಅದರಿಂದ ಎಷ್ಟು ಸಮಾಧಾನ ಅನ್ನುವುದು ಬೇರೆ ಮಾತು. 2031ರಲ್ಲಿ ಅದೇ ಕಚೇರಿ ಮತ್ತೆ ಅದೇ 99 ಕೌಂಟಿಗಳ ಮುಂದೆ ಕೂರುತ್ತದೆ.